ಹೆಬ್ಬೆಟ್ಟು, ಲಾಟೀನು, ಚಾಳೀಸು: ಹಿರಿಯರ ಕಲಿಕೆಯ ಒಂದು ಇತಿಹಾಸ

ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ನಮ್ಮ ಶಾಲೆಯಲ್ಲಿ ಓದಿ ಹೋದವರ ಬಗ್ಗೆ, ಪಾಠ ಹೇಳಿದ ಗುರುಗಳ ಬಗ್ಗೆ, ಕಟ್ಟಡಕ್ಕೆ ನೆರವಾದ ದಾನಿಗಳ ಬಗ್ಗೆ ಬರೆಯುವವರು ಅನೇಕರಿದ್ದಾರೆ. ಇತಿಹಾಸದ ಯಾವುದಾದರೊಂದು ವಿಷಯ ಆರಿಸಿಕೊಂಡು ಬರೆಯಿರಿ ಎಂದು ಸಂಪಾದಕ ಸಮಿತಿಯವರು ಕೇಳಿದಾಗ ನನಗೆ ನೆನಪಾದವರು ದಾಖಲಾತಿ ಪುಸ್ತಕದಲ್ಲಿ ಹೆಸರೇ ಇಲ್ಲದ ವಿದ್ಯಾರ್ಥಿಗಳು. ಸಂಜೆಯ ಹೊತ್ತಿಗೆ ದನಕರು ಕಟ್ಟಿ, ಕೈಕಾಲು ತೊಳೆದುಕೊಂಡು, ಇದೇ ಶಾಲೆಯ ಜಗಲಿಗೆ ಬಂದು ಕುಳಿತು ಅಕ್ಷರ ತಿದ್ದಿದ ಹಿರಿಯರು. ಅವರಿಗೆ ವರ್ಗಾವಣೆ ಪತ್ರ ಕೊಟ್ಟವರಿಲ್ಲ, ಅಂಕಪಟ್ಟಿ ಬರೆದವರಿಲ್ಲ, ತರಗತಿಯ ಫೋಟೋ ತೆಗೆದವರೂ ಇಲ್ಲ. ಆದರೆ ಅವರ ಕಲಿಕೆಗೂ ಒಂದು ದೊಡ್ಡ ಇತಿಹಾಸವಿದೆ. ಅದನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ಬರೆಯುತ್ತಿದ್ದೇನೆ.

ಕೇಳಿ ಕಲಿತವರು

ಅಕ್ಷರ ಬಾರದವರು ಏನೂ ಕಲಿಯದವರು ಎಂದು ತಿಳಿಯುವುದು ಸರಿಯಲ್ಲ. ನಮ್ಮ ಹಳ್ಳಿಗಳಲ್ಲಿ ಶ್ರಾವಣ ಮಾಸ ಬಂದರೆ ದೇವಸ್ಥಾನದ ಅಂಗಳದಲ್ಲಿಯೋ ಊರಿನ ದೊಡ್ಡ ಮನೆಯ ಪಡಸಾಲೆಯಲ್ಲಿಯೋ ಪುರಾಣ ಓದಿಸುತ್ತಿದ್ದರು. ಒಬ್ಬರು ಕುಮಾರವ್ಯಾಸ ಭಾರತವನ್ನೋ ಲಕ್ಷ್ಮೀಶನ ಜೈಮಿನಿ ಭಾರತವನ್ನೋ ರಾಗವಾಗಿ ವಾಚನ ಮಾಡಿದರೆ ಇನ್ನೊಬ್ಬರು ಅರ್ಥ ಹೇಳುತ್ತಿದ್ದರು. ಕೇಳಲು ಕುಳಿತವರಲ್ಲಿ ಹೆಚ್ಚಿನವರಿಗೆ ಓದು ಬರುತ್ತಿರಲಿಲ್ಲ. ಆದರೂ ವರ್ಷ ವರ್ಷವೂ ಕೇಳಿ ಕೇಳಿ ಪದ್ಯಗಳು ಅವರ ಬಾಯಿಗೆ ಬಂದಿರುತ್ತಿದ್ದವು. ಓದುವವರು ಒಂದು ಪದ ಬಿಟ್ಟರೆ ಗೋಡೆಗೆ ಒರಗಿ ಕುಳಿತ ಅಜ್ಜ ಅದನ್ನು ಎತ್ತಿಕೊಡುವುದನ್ನು ನಾನೇ ಹಲವು ಸಲ ನೋಡಿದ್ದೇನೆ.

ಉತ್ತರ ಕರ್ನಾಟಕದಲ್ಲಿ ಈ ಕೆಲಸವನ್ನು ಭಜನೆಯ ಮೇಳಗಳೂ ತತ್ವಪದಕಾರರೂ ಮಾಡಿದರು. ಕರಾವಳಿಯಲ್ಲಿ ತಾಳಮದ್ದಳೆ ಮಾಡಿತು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ರಾತ್ರಿಯಿಡೀ ಮಾತಿನಲ್ಲೇ ವಾದ ಪ್ರತಿವಾದ. ಧರ್ಮ ಯಾವುದು, ಅಧರ್ಮ ಯಾವುದು ಎಂದು ಕರ್ಣನೂ ಕೃಷ್ಣನೂ ಚರ್ಚಿಸುವುದನ್ನು ಕೇಳಿದ ರೈತ ಮರುದಿನ ಗದ್ದೆಯಲ್ಲಿ ಅದೇ ಚರ್ಚೆ ಮುಂದುವರಿಸುತ್ತಿದ್ದ. ಇಂಥ ಕೂಟಗಳಲ್ಲಿ ಹಿರಿಯರಿಗೆ ಮುಂದಿನ ಸಾಲಿನ ಜಾಗವಿತ್ತು. ವಯಸ್ಸಾದಷ್ಟೂ ಅವರ ಮಾತಿಗೆ ಬೆಲೆ ಹೆಚ್ಚಿತ್ತು.

ಇದನ್ನೆಲ್ಲ ಹೊಗಳುವಾಗ ಒಂದು ಸಂಗತಿ ಮರೆಯಬಾರದು. ಆ ಅಂಗಳಗಳು ಎಲ್ಲರಿಗೂ ಸಮನಾಗಿ ತೆರೆದಿರಲಿಲ್ಲ. ಜಾತಿಯ ಕಾರಣಕ್ಕೆ ಹೊರಗೆ ನಿಂತೇ ಕೇಳಿದವರಿದ್ದರು. ಹೆಂಗಸರು ಬಾಗಿಲ ಮರೆಯಲ್ಲಿ ಕುಳಿತು ಕೇಳಿದರು. ಎಷ್ಟೇ ಪದ್ಯ ಬಾಯಿಗೆ ಬಂದರೂ ಸಾಲದ ಪತ್ರ ಮುಂದೆ ಬಂದಾಗ ಅದು ನೆರವಿಗೆ ಬರುತ್ತಿರಲಿಲ್ಲ. ಪತ್ರದಲ್ಲಿ ಏನು ಬರೆದಿದೆ ಎಂದು ಬರೆದವನೇ ಓದಿ ಹೇಳಬೇಕು. ಅವನು ಹೇಳಿದ್ದನ್ನು ನಂಬಿ ಹೆಬ್ಬೆಟ್ಟು ಒತ್ತಬೇಕು. ಎಡಗೈ ಹೆಬ್ಬೆರಳಿನ ಆ ಮಸಿಯ ಗುರುತಿನಿಂದ ಎಷ್ಟು ಹೊಲಗಳು ಕೈ ಬದಲಾದವು ಎಂಬುದು ಪ್ರತಿ ಊರಿನ ಹಿರಿಯರಿಗೂ ಗೊತ್ತಿರುವ ಕಥೆ. ‘ಹೆಬ್ಬೆಟ್ಟು’ ಎಂಬುದು ನಮ್ಮಲ್ಲಿ ಬೈಗುಳವೇ ಆಗಿಹೋಯಿತು.

ಮೈಸೂರು ಸಂಸ್ಥಾನದ ಪ್ರಯತ್ನಗಳು

ಮೈಸೂರು ಸಂಸ್ಥಾನದಲ್ಲಿ ದೊಡ್ಡವರಿಗೆ ಅಕ್ಷರ ಕಲಿಸುವ ಕೆಲಸ ಸ್ವಾತಂತ್ರ್ಯಕ್ಕಿಂತ ಬಹಳ ಮೊದಲೇ ಶುರುವಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದ ಕಾಲದಲ್ಲಿ ವಯಸ್ಕರಿಗಾಗಿ ರಾತ್ರಿ ಶಾಲೆಗಳನ್ನು ತೆರೆಯಲಾಯಿತು. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದೂ ಇದೇ ಅವಧಿಯಲ್ಲಿ. ಮುಂದೆ ವಿಶ್ವವಿದ್ಯಾನಿಲಯದ ಅಧ್ಯಾಪಕರು ಊರೂರಿಗೆ ಹೋಗಿ ಸಾಮಾನ್ಯ ಜನರಿಗೆ ಕನ್ನಡದಲ್ಲಿ ಪ್ರಚಾರೋಪನ್ಯಾಸ ಮಾಡಿದರು. ಆ ಉಪನ್ಯಾಸಗಳು ಚಿಕ್ಕ ಚಿಕ್ಕ ಪುಸ್ತಕಗಳಾಗಿಯೂ ಬಂದವು. ವಿಜ್ಞಾನ, ಆರೋಗ್ಯ, ಚರಿತ್ರೆ ಎಲ್ಲವೂ ಕನ್ನಡದಲ್ಲಿ ಹೇಳಲು ಬರುತ್ತದೆ ಎಂದು ತೋರಿಸಿಕೊಟ್ಟ ಕೆಲಸವದು.

1940ರ ದಶಕದಲ್ಲಿ ಈ ಪ್ರಯತ್ನಕ್ಕೆ ಒಂದು ಸಂಸ್ಥೆಯ ರೂಪ ಬಂತು. ಮೈಸೂರು ನಗರವನ್ನು ಕೇಂದ್ರವಾಗಿ ಇಟ್ಟುಕೊಂಡು ಬೆಳೆದ ವಯಸ್ಕರ ಶಿಕ್ಷಣ ಸಮಿತಿ ಹಳ್ಳಿಗಳಲ್ಲಿ ಅಕ್ಷರ ತರಗತಿಗಳನ್ನೂ ವಾಚನಾಲಯಗಳನ್ನೂ ನಡೆಸಿತು. ಹೊಸದಾಗಿ ಓದು ಕಲಿತವರಿಗೆಂದೇ ‘ಬೆಳಕು’ ಎಂಬ ಪತ್ರಿಕೆಯನ್ನು ಹೊರತಂದಿತು. ಪುಸ್ತಕಗಳ ಪರಿಚಯ ಮಾಡಿಕೊಡುವ ‘ಪುಸ್ತಕ ಪ್ರಪಂಚ’ವನ್ನೂ ಪ್ರಕಟಿಸಿತು. ಅಕ್ಷರ ಕಲಿಸಿದರೆ ಸಾಲದು, ಕಲಿತವರ ಕೈಗೆ ಓದಲು ಏನಾದರೂ ಕೊಡಬೇಕು ಎಂಬುದನ್ನು ಆ ಹಿರಿಯರು ಆಗಲೇ ಅರಿತಿದ್ದರು.

ಈ ಸಮಿತಿ ನಂಜನಗೂಡು ಮೊದಲಾದ ಕಡೆಗಳಲ್ಲಿ ವಿದ್ಯಾಪೀಠಗಳನ್ನು ಸ್ಥಾಪಿಸಿತು. ಅವುಗಳಿಗೆ ಮಾದರಿ ದೂರದ ಡೆನ್ಮಾರ್ಕಿನ ಜನತಾ ಪ್ರೌಢಶಾಲೆಗಳು. ಅಲ್ಲಿನ ಪಾದ್ರಿ ಹಾಗೂ ಕವಿ ಗ್ರುಂಟ್ವಿಗ್ ಅವರ ವಿಚಾರದಂತೆ 1844ರಲ್ಲಿ ರೋಡಿಂಗ್ ಎಂಬ ಊರಿನಲ್ಲಿ ಮೊದಲ ಶಾಲೆ ಆರಂಭವಾಗಿತ್ತು. ರೈತಾಪಿ ಜನ ಅಲ್ಲಿಯೇ ಉಳಿದುಕೊಂಡು, ಪರೀಕ್ಷೆಯ ಭಯವಿಲ್ಲದೆ, ತಮ್ಮ ಭಾಷೆ, ಚರಿತ್ರೆ, ಹಾಡು, ಬೇಸಾಯ ಕಲಿಯುವ ಶಾಲೆ. ನಮ್ಮ ವಿದ್ಯಾಪೀಠಗಳಲ್ಲಿಯೂ ಹಳ್ಳಿಯ ಯುವಕರು ಕೆಲವು ತಿಂಗಳು ಒಟ್ಟಿಗೆ ಉಳಿದು ಬೇಸಾಯ, ಕೈಕಸುಬು, ಊರಿನ ಆಡಳಿತದ ವಿಷಯ ಕಲಿತು ಹಿಂದಿರುಗುತ್ತಿದ್ದರು. ಒಳ್ಳೆಯ ಕೆಲಸ. ಆದರೆ ಅದು ಯುವಕರಿಗಾಗಿ ಇದ್ದದ್ದು. ಊರಿನಲ್ಲಿ ಉಳಿದ ಅವರ ತಂದೆ ತಾಯಿಯರಿಗೆ ಮೊದಲಿನ ಜಗಲಿಯೇ ಗತಿಯಾಗಿತ್ತು.

ಸ್ವಾತಂತ್ರ್ಯ ಬಂದ ಮೇಲೆ ಮೌಲಾನಾ ಅಬುಲ್ ಕಲಾಂ ಆಜಾದ್ ಅವರು ಶಿಕ್ಷಣ ಸಚಿವರಾಗಿದ್ದಾಗ ‘ವಯಸ್ಕರ ಶಿಕ್ಷಣ’ ಎಂಬುದಕ್ಕೆ ಬದಲಾಗಿ ‘ಸಮಾಜ ಶಿಕ್ಷಣ’ ಎಂಬ ಮಾತು ಚಾಲ್ತಿಗೆ ಬಂತು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಶುರುವಾದಾಗ ಬ್ಲಾಕುಗಳಿಗೆ ಸಮಾಜ ಶಿಕ್ಷಣ ಸಂಘಟಕರು ನೇಮಕವಾದರು. ಯುವಕ ಮಂಡಲ, ಮಹಿಳಾ ಸಮಾಜ, ಭಜನಾ ಮಂಡಲಿ, ಪಂಚಾಯಿತಿ ಕಚೇರಿಯ ರೇಡಿಯೋ ಇವೆಲ್ಲ ಹಳ್ಳಿಗೆ ಬಂದದ್ದು ಆ ಕಾಲದಲ್ಲಿ. ಸಂಜೆ ರೇಡಿಯೋದ ಮುಂದೆ ಕುಳಿತು ರೈತರಿಗೆ ಸಲಹೆ, ವಾರ್ತೆ, ಜನಪದ ಗೀತೆ ಕೇಳಿದವರಲ್ಲಿ ಹೆಚ್ಚಿನವರು ಹಿರಿಯರೇ. ಪುರಾಣದ ಕೂಟದಂತೆ ಇದೂ ಕೇಳಿ ಕಲಿಯುವ ಕೂಟವಾಗಿತ್ತು. ಅಕ್ಷರ ಬಾರದು ಎಂದು ಅಲ್ಲಿ ಯಾರನ್ನೂ ಹೊರಗೆ ಇಡುವಂತಿರಲಿಲ್ಲ.

ಮೂವತ್ತೈದರ ಗೆರೆ

ನಮ್ಮ ಶಾಲೆ ಹುಟ್ಟಿದ ಕಾಲ ಕರ್ನಾಟಕದಲ್ಲಿ ಭೂ ಸುಧಾರಣೆಯ ಕಾಲ. 1974ರ ತಿದ್ದುಪಡಿಯಾದ ಕಾಯಿದೆಯ ಪ್ರಕಾರ ಗೇಣಿದಾರರು 7ನೇ ನಮೂನೆಯ ಅರ್ಜಿ ತುಂಬಿ ಭೂ ನ್ಯಾಯಮಂಡಳಿಗೆ ಕೊಡಬೇಕಾಗಿತ್ತು. ತಲೆಮಾರುಗಳಿಂದ ಉತ್ತ ಭೂಮಿ ತಮ್ಮದಾಗುವುದೋ ಇಲ್ಲವೋ ಎಂಬುದು ಒಂದು ಕಾಗದದ ಮೇಲೆ ನಿಂತಿತ್ತು. ಅರ್ಜಿ ಬರೆಸಲು, ನೋಟೀಸು ಓದಿಸಲು, ಸರ್ವೆ ನಂಬರು ಸರಿಯಾಗಿದೆಯೇ ಎಂದು ನೋಡಿಸಲು ಜನ ಶಾಲೆಯ ಮೇಷ್ಟರನ್ನು ಹುಡುಕಿಕೊಂಡು ಬರುತ್ತಿದ್ದರು. ಅಕ್ಷರ ಕಲಿಯದಿದ್ದರೆ ಏನು ನಷ್ಟ ಎಂದು ಆಗ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

1978ರ ಅಕ್ಟೋಬರ್ 2ರಂದು ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ ಆರಂಭವಾಯಿತು. ಐದು ವರ್ಷಗಳಲ್ಲಿ 10 ಕೋಟಿ ಜನರಿಗೆ ಅಕ್ಷರ ಕಲಿಸುವುದು ಅದರ ಗುರಿ. ಒಂದು ಕೇಂದ್ರಕ್ಕೆ ಸುಮಾರು 30 ಜನ. ಒಬ್ಬ ಬೋಧಕ, ಸ್ಲೇಟು, ಬಳಪ, ಒಂದು ಲಾಟೀನು. ನಾನು ಆಗ ಇದೇ ಶಾಲೆಯ ವಿದ್ಯಾರ್ಥಿ. ನಮ್ಮ ಶಾಲೆಯ ಜಗಲಿಯಲ್ಲಿಯೂ ಒಂದು ಕೇಂದ್ರ ನಡೆಯಿತು. ಸೀಮೆಎಣ್ಣೆ ತುಂಬಿ ಲಾಟೀನಿನ ಗಾಜು ಒರೆಸಿಡುವ ಕೆಲಸ ನಮ್ಮಂಥ ಹುಡುಗರದು.

ಆ ಕಾರ್ಯಕ್ರಮದ ವಯೋಮಿತಿ 15ರಿಂದ 35 ವರ್ಷ. ಹತ್ತು ವರ್ಷಗಳ ನಂತರ, 1988ರ ಮೇ ತಿಂಗಳಲ್ಲಿ ಆರಂಭವಾದ ರಾಷ್ಟ್ರೀಯ ಸಾಕ್ಷರತಾ ಮಿಷನ್ ಕೂಡ ಇದೇ ಗೆರೆಯನ್ನು ಇಟ್ಟುಕೊಂಡಿತು. ಹೀಗೆ ಗೆರೆ ಎಳೆದದ್ದಕ್ಕೆ ಕಾರಣವಿತ್ತು. ಹಣ ಕಡಿಮೆ, ಜನ ಹೆಚ್ಚು. ದುಡಿಯುವ ವಯಸ್ಸಿನವರು, ಮಕ್ಕಳನ್ನು ಸಾಕುವ ವಯಸ್ಸಿನ ತಾಯಂದಿರು ಕಲಿತರೆ ದೇಶಕ್ಕೆ ಬೇಗ ಲಾಭ ಎಂಬುದು ಲೆಕ್ಕಾಚಾರ. ಲೆಕ್ಕ ತಪ್ಪೆಂದು ಹೇಳಲಾರೆ. ಆದರೆ ಆ ಲೆಕ್ಕದಲ್ಲಿ ನಲವತ್ತು ದಾಟಿದವರು ಕಲಿಯುವವರ ಪಟ್ಟಿಯಿಂದಲೇ ಬಿಟ್ಟುಹೋದರು.

ಪಟ್ಟಿಯಿಂದ ಬಿಟ್ಟುಹೋದವರು ಕೇಂದ್ರಕ್ಕೆ ಬರುವುದನ್ನು ಬಿಡಲಿಲ್ಲ. ಸೊಸೆ ಒಬ್ಬಳೇ ಕತ್ತಲಲ್ಲಿ ಹೋಗಬಾರದು ಎಂದು ಜೊತೆಗೆ ಬಂದ ಅತ್ತೆ ಅಲ್ಲೇ ಕುಳಿತುಕೊಳ್ಳುತ್ತಿದ್ದರು. ಮಗನಿಗೆ ಬರಲು ಪುರುಸೊತ್ತಿಲ್ಲ ಎಂದು ಹೇಳಲು ಬಂದ ಅಪ್ಪ ಸ್ಲೇಟು ಹಿಡಿದು ಕುಳಿತುಬಿಡುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಸೊಸೆಯ ಹೆಸರಿರುತ್ತಿತ್ತು, ಅತ್ತೆಯ ಹೆಸರಿಲ್ಲ. ಹೀಗಾಗಿ ನಮ್ಮೂರಿನಲ್ಲಿ ಎಷ್ಟು ಜನ ಹಿರಿಯರು ತಮ್ಮ ಹೆಸರು ಬರೆಯಲು ಕಲಿತರು ಎಂಬುದಕ್ಕೆ ಯಾವ ದಾಖಲೆಯೂ ಉಳಿದಿಲ್ಲ.

ಕಲಾಜಾಥಾದ ದಿನಗಳು

ನೆರೆಯ ಕೇರಳದ ಎರ್ನಾಕುಲಂ ಜಿಲ್ಲೆ 1990ರ ಫೆಬ್ರವರಿ 4ರಂದು ಸಂಪೂರ್ಣ ಸಾಕ್ಷರ ಜಿಲ್ಲೆ ಎಂದು ಘೋಷಣೆಯಾಯಿತು. ಆ ಆಂದೋಲನ ಮೂವತ್ತೈದಕ್ಕೆ ನಿಲ್ಲದೆ ಅರವತ್ತು ವರ್ಷದವರೆಗಿನವರನ್ನೂ ಸೇರಿಸಿಕೊಂಡಿತ್ತು. ಮರುವರ್ಷ, 1991ರ ಏಪ್ರಿಲ್ 18ರಂದು, ಕೋಳಿಕ್ಕೋಡಿನಲ್ಲಿ ಇಡೀ ಕೇರಳ ಸಾಕ್ಷರ ರಾಜ್ಯವಾಯಿತೆಂದು ಘೋಷಿಸಿದವರು ಯಾವ ಮಂತ್ರಿಯೂ ಅಲ್ಲ. ಆಂದೋಲನದಲ್ಲಿ ಓದು ಕಲಿತ ಮಲಪ್ಪುರಂ ಜಿಲ್ಲೆಯ ಚೇಲಕ್ಕೋಡನ್ ಆಯಿಷಾ ಎಂಬ ಹಿರಿಯ ಹೆಂಗಸು.

ಕರ್ನಾಟಕದಲ್ಲಿ ದಕ್ಷಿಣ ಕನ್ನಡ, ವಿಜಾಪುರ ಜಿಲ್ಲೆಗಳು ಸಂಪೂರ್ಣ ಸಾಕ್ಷರತಾ ಆಂದೋಲನದ ಮೊದಲ ಸಾಲಿನಲ್ಲಿದ್ದವು. ಮುಂದೆ ಒಂದೊಂದಾಗಿ ಉಳಿದ ಜಿಲ್ಲೆಗಳಿಗೂ ಅದು ಹಬ್ಬಿತು. 1991ರ ಜನಗಣತಿಯ ಪ್ರಕಾರ ಕರ್ನಾಟಕದ ಸಾಕ್ಷರತೆ ಶೇಕಡ 56.04. ಗಂಡಸರಲ್ಲಿ 67.26, ಹೆಂಗಸರಲ್ಲಿ 44.34. ಅಂದರೆ ನೂರು ಹೆಂಗಸರಲ್ಲಿ ಐವತ್ತೈದಕ್ಕೂ ಹೆಚ್ಚು ಜನಕ್ಕೆ ಓದು ಬರಹ ಇರಲಿಲ್ಲ.

ನಮ್ಮ ಜಿಲ್ಲೆಗೆ ಆಂದೋಲನ ಬಂದಾಗ ನಾನು ಇದೇ ಶಾಲೆಯಲ್ಲಿ ಸಮಾಜ ವಿಜ್ಞಾನದ ಶಿಕ್ಷಕನಾಗಿದ್ದೆ. ಮೊದಲು ಕಲಾಜಾಥಾ ಬಂತು. ತಮಟೆ ಬಡಿದು, ಬೀದಿಯಲ್ಲಿ ಜನ ಸೇರಿಸಿ, ಹಾಡು ನಾಟಕ ಮಾಡಿದರು. ಆಮೇಲೆ ಶಿಕ್ಷಕರೆಲ್ಲ ಮನೆ ಮನೆಗೆ ಹೋಗಿ ಸಮೀಕ್ಷೆ ಮಾಡಿದೆವು. ಒಬ್ಬ ಸ್ವಯಂಸೇವಕನಿಗೆ ಸುಮಾರು ಹತ್ತು ಜನ ಕಲಿಯುವವರು. ನಮ್ಮ ಒಂಬತ್ತು, ಹತ್ತನೇ ತರಗತಿಯ ಮಕ್ಕಳೂ ಹುಮ್ಮಸ್ಸಿನಿಂದ ಕಲಿಸಲು ಹೊರಟರು. ಮೂರು ಭಾಗಗಳ ಪಠ್ಯಪುಸ್ತಕ, ಸುಮಾರು 200 ಗಂಟೆಗಳ ಪಾಠ. ಅ ಆ ಇ ಈ ಎಂದು ಶುರು ಮಾಡದೆ, ದಿನಬಳಕೆಯ ಒಂದು ಪದ ತೋರಿಸಿ ಅದರಿಂದ ಅಕ್ಷರ ಬಿಡಿಸುವ ಕ್ರಮ.

ಆ ದಿನಗಳಲ್ಲಿ ಹಿರಿಯರಿಗೆ ಪಾಠ ಹೇಳುತ್ತಾ ನಾವು ಶಿಕ್ಷಕರೇ ಹಲವು ವಿಷಯ ಕಲಿತೆವು. ಅವರಿಗೆ ಏನು ಬೇಕು ಎಂಬುದು ಅವರಿಗೆ ಸ್ಪಷ್ಟವಾಗಿ ಗೊತ್ತಿತ್ತು. ಬಸ್ಸಿನ ಬೋರ್ಡು ಓದಬೇಕು, ಮಗಳ ಊರಿನ ಬಸ್ಸು ಯಾವುದೆಂದು ಇನ್ನೊಬ್ಬರನ್ನು ಕೇಳಬಾರದು. ಸೊಸೈಟಿಯಲ್ಲಿ ಸಹಿ ಹಾಕಬೇಕು. ಹಾಲಿನ ಡೇರಿಯ ಕಾರ್ಡಿನಲ್ಲಿ ಬರೆದ ಲೀಟರು ಸರಿಯೇ ಎಂದು ನೋಡಬೇಕು. ಕೆಲವರಿಗೆ ದೇವರ ನಾಮದ ಪುಸ್ತಕ ಓದುವ ಆಸೆ. ಲೆಕ್ಕವಂತೂ ಅವರಿಗೆ ಕಲಿಸಬೇಕಾಗಿಯೇ ಇರಲಿಲ್ಲ. ಪಾವು, ಸೇರು, ಕೊಳಗ, ಖಂಡುಗದ ಲೆಕ್ಕವನ್ನು ಬಾಯಲ್ಲೇ ಹಾಕುವವರಿಗೆ ಅಂಕಿಗಳ ಆಕಾರ ತೋರಿಸಿದರೆ ಸಾಕಾಗಿತ್ತು.

ಕಷ್ಟವಾದದ್ದು ಎರಡು. ಒಂದು, ಒತ್ತಕ್ಷರ. ಇನ್ನೊಂದು, ಕಣ್ಣು. ನಲವತ್ತು ದಾಟಿದ ಮೇಲೆ ಹತ್ತಿರದ ಅಕ್ಷರ ಮಸುಕಾಗುತ್ತದೆ. ಅದಕ್ಕೇ ನಮ್ಮಲ್ಲಿ ಓದುವ ಕನ್ನಡಕಕ್ಕೆ ಚಾಳೀಸು ಎನ್ನುವುದು. ಅಕ್ಷರ ಗೊತ್ತಿಲ್ಲದವರಿಗೆ ಚಾಳೀಸು ಏಕೆ ಎಂದು ಮನೆಯವರೂ ಕೊಡಿಸಿರುವುದಿಲ್ಲ. ಮಂದ ಬೆಳಕಿನಲ್ಲಿ, ಸಣ್ಣ ಅಚ್ಚಿನ ಪುಸ್ತಕ ಹಿಡಿದು, ಇಂಥವರು ‘ನಮ್ಮ ತಲೆಗೆ ಹತ್ತುವುದಿಲ್ಲ ಮೇಷ್ಟ್ರೇ’ ಎಂದು ಎದ್ದು ಹೋಗುತ್ತಿದ್ದರು. ಕಪ್ಪುಹಲಗೆಯ ಮೇಲೆ ದೊಡ್ಡದಾಗಿ ಬರೆದು ತೋರಿಸಿದಾಗ ಅವರೇ ಸರಾಗವಾಗಿ ಓದುತ್ತಿದ್ದರು. ಎಷ್ಟೋ ಜನ ಕಲಿಕೆ ಬಿಟ್ಟದ್ದು ಕಣ್ಣಿನ ದೆಸೆಯಿಂದ. ಬುದ್ಧಿಗೆ ಏನೂ ಆಗಿರಲಿಲ್ಲ.

ಓದು ಬಂದ ಮೇಲೆ ಜನ ಸುಮ್ಮನಿರುವುದಿಲ್ಲ ಎಂಬುದಕ್ಕೂ ಆ ಕಾಲವೇ ಸಾಕ್ಷಿ. ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿಯ ಹೆಂಗಸರು ಸಾಕ್ಷರತೆಯ ಪಾಠದಿಂದ ಪ್ರೇರಣೆ ಪಡೆದು ಸಾರಾಯಿ ಅಂಗಡಿಯ ವಿರುದ್ಧ ನಿಂತರು. 1992ರಲ್ಲಿ ಅದು ಇಡೀ ರಾಜ್ಯದ ಚಳವಳಿಯಾಯಿತು. ತಮಿಳುನಾಡಿನ ಪುದುಕ್ಕೋಟೆಯಲ್ಲಿ ಸಾಕ್ಷರತಾ ಆಂದೋಲನದ ಜೊತೆಗೆ ಸಾವಿರಾರು ಹೆಂಗಸರು ಸೈಕಲ್ ಕಲಿತರು. ಇಂಥ ಕೂಟಗಳಲ್ಲಿ ಜನ ಅಕ್ಷರದ ಜೊತೆಗೆ ಒಟ್ಟಿಗೆ ಕುಳಿತು ತಮ್ಮ ಊರಿನ ಕಷ್ಟ ಮಾತಾಡುವುದನ್ನೂ ಕಲಿತರು.

ಆದರೆ ಆಂದೋಲನಕ್ಕೆ ಒಂದು ಕೊನೆಯ ದಿನಾಂಕವಿತ್ತು. ಪರೀಕ್ಷೆ ನಡೆಯಿತು, ವರದಿ ಹೋಯಿತು, ಸಂಜೆಯ ತರಗತಿಗಳು ನಿಂತವು. ಆಮೇಲೆ ಮುಂದುವರಿಕೆ ಶಿಕ್ಷಣ ಕೇಂದ್ರಗಳು ಬಂದವು, ಕೆಲವು ಕಡೆ ಚೆನ್ನಾಗಿಯೂ ನಡೆದವು. ಬಹಳ ಕಡೆ ಓದಲು ಪುಸ್ತಕವಿಲ್ಲದೆ, ಕೂಡಲು ಜಾಗವಿಲ್ಲದೆ, ಕಲಿತ ಅಕ್ಷರ ಮರೆತುಹೋಯಿತು. ಎರಡು ಮೂರು ವರ್ಷದ ಮೇಲೆ ಕೆಲವರಿಗೆ ಉಳಿದದ್ದು ತಮ್ಮ ಹೆಸರಿನ ಸಹಿ ಮಾತ್ರ. ಅದನ್ನು ಅವರು ಬಿಡಲಿಲ್ಲ. ಬ್ಯಾಂಕಿನಲ್ಲಿ ಮಸಿಯ ಡಬ್ಬಿ ಮುಂದೆ ತಂದಿಟ್ಟರೆ ಅದನ್ನು ಪಕ್ಕಕ್ಕೆ ಸರಿಸಿ ಪೆನ್ನು ಕೇಳುತ್ತಿದ್ದರು.

ಗೆರೆ ಅಳಿಸಿದ ಮೇಲೆ

2009ರ ಸೆಪ್ಟೆಂಬರ್ 8ರಂದು, ಅಂತರರಾಷ್ಟ್ರೀಯ ಸಾಕ್ಷರತಾ ದಿನದಂದು, ಸಾಕ್ಷರ ಭಾರತ್ ಕಾರ್ಯಕ್ರಮ ಆರಂಭವಾಯಿತು. ಅದರಲ್ಲಿ 15 ವರ್ಷಕ್ಕೆ ಮೇಲ್ಪಟ್ಟ ಎಲ್ಲರೂ ಸೇರಿದರು, ಮೂವತ್ತೈದರ ಗೆರೆ ಅಳಿಸಿಹೋಯಿತು. 2022ರಿಂದ ನಡೆಯುತ್ತಿರುವ ನವಭಾರತ ಸಾಕ್ಷರತಾ ಕಾರ್ಯಕ್ರಮದಲ್ಲಿಯೂ ಮೇಲಿನ ಮಿತಿ ಇಲ್ಲ. ಅಂದರೆ ಎಪ್ಪತ್ತು ವರ್ಷದ ಅಜ್ಜಿಯ ಹೆಸರು ಹಾಜರಿ ಪುಸ್ತಕಕ್ಕೆ ಬರಲು ಮೂವತ್ತು ವರ್ಷಗಳೇ ಬೇಕಾದವು.

ಅವಕಾಶ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಎರಡು ಉದಾಹರಣೆ ಸಾಕು. ಕೇರಳದ ಆಲಪ್ಪುಳ ಜಿಲ್ಲೆಯ ಕಾರ್ತ್ಯಾಯಿನಿ ಅಮ್ಮ 2018ರಲ್ಲಿ, ತಮ್ಮ 96ನೇ ವಯಸ್ಸಿನಲ್ಲಿ, ಸಾಕ್ಷರತಾ ಪರೀಕ್ಷೆ ಬರೆದು ನೂರಕ್ಕೆ 98 ಅಂಕ ಪಡೆದರು. ಆಮೇಲೆ ಅವರಿಗೆ ರಾಷ್ಟ್ರಪತಿಗಳಿಂದ ನಾರೀಶಕ್ತಿ ಪುರಸ್ಕಾರವೂ ಬಂತು. ಮಹಾರಾಷ್ಟ್ರದ ಠಾಣೆ ಜಿಲ್ಲೆಯ ಫಾಂಗಣೆ ಎಂಬ ಹಳ್ಳಿಯಲ್ಲಿ 2016ರ ಮಹಿಳಾ ದಿನದಂದು ಅಜ್ಜಿಯರ ಶಾಲೆಯೇ ಆರಂಭವಾಯಿತು. ಅರವತ್ತು ದಾಟಿದ ಹೆಂಗಸರು ಗುಲಾಬಿ ಬಣ್ಣದ ಸೀರೆಯ ಸಮವಸ್ತ್ರ ಉಟ್ಟು, ಚೀಲ ಹೆಗಲಿಗೆ ಹಾಕಿಕೊಂಡು ಅಲ್ಲಿಗೆ ಬಂದರು.

ಫ್ರಾನ್ಸಿನ ತುಲೂಸ್ ನಗರದಲ್ಲಿ 1973ರಲ್ಲಿ ನಿವೃತ್ತರಿಗಾಗಿ ‘ಮೂರನೆಯ ವಯಸ್ಸಿನ ವಿಶ್ವವಿದ್ಯಾಲಯ’ ಶುರುವಾಯಿತು. ಅದು ಇಂಗ್ಲೆಂಡಿಗೆ ಬಂದಾಗ ಒಂದು ಬದಲಾವಣೆಯಾಯಿತು. ಅಲ್ಲಿ ಹೊರಗಿನ ಪ್ರಾಧ್ಯಾಪಕರಿಲ್ಲ, ಹಿರಿಯರೇ ಒಬ್ಬರಿಗೊಬ್ಬರು ಕಲಿಸುತ್ತಾರೆ. ಒಬ್ಬರಿಗೆ ಗೊತ್ತಿರುವುದನ್ನು ಹತ್ತು ಜನ ಕುಳಿತು ಕೇಳುವುದು ನಮ್ಮ ಪುರಾಣದ ಜಗಲಿಗೆ ಹೊಸ ವಿಷಯವೇನಲ್ಲ.

ಇಂದಿನ ಹೆಬ್ಬೆಟ್ಟು

2011ರ ಜನಗಣತಿಯ ಹೊತ್ತಿಗೆ ಕರ್ನಾಟಕದ ಸಾಕ್ಷರತೆ ಶೇಕಡ 75.36ಕ್ಕೆ ಏರಿತು. ಅದೇ ಗಣತಿಯ ಪ್ರಕಾರ ದೇಶದಲ್ಲಿ ಅರವತ್ತು ದಾಟಿದವರು ಶೇಕಡ 8.6. ಓದು ಬಾರದೆ ಉಳಿದವರಲ್ಲಿ ಹಿರಿಯರ ಪಾಲು ದೊಡ್ಡದು. ಅಂದು ಗೆರೆಯ ಆಚೆ ಉಳಿದವರೇ ಇಂದು ಮುದುಕರಾಗಿದ್ದಾರೆ.

ಅವರಿಗೆ ಈಗ ಹೊಸ ಕಷ್ಟ ಬಂದಿದೆ. ಸಹಿ ಕಲಿತ ಕೈಯಿಂದ ನ್ಯಾಯಬೆಲೆ ಅಂಗಡಿಯ ಯಂತ್ರ ಮತ್ತೆ ಹೆಬ್ಬೆಟ್ಟನ್ನೇ ಕೇಳುತ್ತದೆ. ಜೀವನವಿಡೀ ಮಣ್ಣಿನಲ್ಲಿ ದುಡಿದು ಸವೆದ ಬೆರಳಿನ ಗೆರೆ ಅದಕ್ಕೆ ಕಾಣುವುದಿಲ್ಲ. ಪಿಂಚಣಿ ಬಂತೋ ಇಲ್ಲವೋ ಎಂಬುದು ಮೊಬೈಲಿನ ಸಂದೇಶದಲ್ಲಿರುತ್ತದೆ, ಅದನ್ನು ಓದಲು ಮೊಮ್ಮಗ ಬೇಕು. ಮೊಮ್ಮಗ ಬೆಂಗಳೂರಿನಲ್ಲಿದ್ದಾನೆ. ಯಾರೋ ಫೋನು ಮಾಡಿ ಬ್ಯಾಂಕಿನವರೆಂದು ಹೇಳಿ ಓಟಿಪಿ ಕೇಳಿದರೆ ಕೊಟ್ಟುಬಿಡುತ್ತಾರೆ. ಅಂದಿನ ಸಾಲದ ಪತ್ರದ ಜಾಗಕ್ಕೆ ಇಂದು ಮೊಬೈಲು ಬಂದಿದೆ. ಇನ್ನೊಬ್ಬರು ಓದಿ ಹೇಳಿದ್ದನ್ನು ನಂಬಿ ಒಪ್ಪಿಗೆ ಕೊಡುವ ಸ್ಥಿತಿ ಮಾತ್ರ ಹಾಗೆಯೇ ಇದೆ.

ಇದರ ಜೊತೆಗೆ ಒಂಟಿತನ. ಪುರಾಣ ನಿಂತಿತು, ಪಂಚಾಯಿತಿಯ ರೇಡಿಯೋ ಮೂಲೆ ಸೇರಿತು, ಟಿವಿ ಮನೆಯೊಳಗೆ ಬಂತು. ಸಂಜೆ ನಾಲ್ಕು ಜನ ಒಂದೆಡೆ ಸೇರಲು ನೆಪ ಉಳಿದಿಲ್ಲ. ಹಿರಿಯರಿಗೆ ಔಷಧ, ಪಿಂಚಣಿ ಬೇಕು ನಿಜ. ಅಷ್ಟೇ ಮುಖ್ಯವಾಗಿ, ಹೋಗಿ ಕುಳಿತುಕೊಳ್ಳಲು ಒಂದು ಜಾಗ, ಅಲ್ಲಿ ಮಾಡಲು ಒಂದು ಕೆಲಸ ಬೇಕು.

ಶಾಲೆಗೆ ಒಂದು ಕೋರಿಕೆ

ಈ ನೂರು ವರ್ಷಗಳ ಪ್ರಯತ್ನಗಳನ್ನು ಒಟ್ಟಾಗಿ ನೋಡಿದರೆ ನನಗೆ ಕಾಣುವುದು ಇಷ್ಟು. ದಿನಾಂಕ ಹಾಕಿಕೊಂಡು ಬಂದ ಯೋಜನೆಗಳು ಅಕ್ಷರ ಕೊಟ್ಟು ಹೋದವು. ಅಕ್ಷರ ಉಳಿದದ್ದು ಎಲ್ಲಿ ಕೂಟ ಉಳಿಯಿತೋ ಅಲ್ಲಿ.

ನಮ್ಮ ಶಾಲೆಯ ಕೊಠಡಿಗಳು ಸಂಜೆ ಐದರ ನಂತರ ಖಾಲಿ ಇರುತ್ತವೆ. ವಾರಕ್ಕೆ ಎರಡು ದಿನ, ಒಂದೊಂದು ಗಂಟೆ, ಒಂದು ಕೊಠಡಿಯನ್ನು ಊರಿನ ಹಿರಿಯರಿಗೆ ತೆರೆಯಬಹುದು. ಮುಖ್ಯೋಪಾಧ್ಯಾಯರೂ ಶಾಲಾಭಿವೃದ್ಧಿ ಸಮಿತಿಯವರೂ ಮನಸ್ಸು ಮಾಡಿದರೆ ಇದಕ್ಕೆ ದೊಡ್ಡ ಖರ್ಚಿಲ್ಲ. ಒಳ್ಳೆಯ ದೀಪ, ಕೈಯಿರುವ ಕೆಲವು ಕುರ್ಚಿ, ದೊಡ್ಡ ಅಕ್ಷರದ ಪುಸ್ತಕ, ಒಮ್ಮೆ ಕಣ್ಣಿನ ಪರೀಕ್ಷೆ ಮಾಡಿಸಿ ಬೇಕಾದವರಿಗೆ ಚಾಳೀಸು. ನಮ್ಮ ಮಕ್ಕಳು ಅವರಿಗೆ ಮೊಬೈಲಿನ ಸಂದೇಶ ಓದುವುದನ್ನು, ಓಟಿಪಿ ಯಾರಿಗೂ ಹೇಳಬಾರದೆಂಬುದನ್ನು ಕಲಿಸಲಿ. ಅವರು ಮಕ್ಕಳಿಗೆ ಊರಿನ ಹೊಲಗಳ ಹೆಸರು, ಕೆರೆಯ ನೀರು ಹಂಚುತ್ತಿದ್ದ ಬಗೆ, ಹಳೆಯ ಅಳತೆ, ಬಿತ್ತನೆಯ ನಕ್ಷತ್ರ, ಸೋಬಾನೆ ಪದ ಹೇಳಿಕೊಡಲಿ. ಮಕ್ಕಳು ಅದನ್ನು ಬರೆದಿಟ್ಟರೆ ಮುಂದಿನ ಮಹೋತ್ಸವದ ಸಂಚಿಕೆಗೆ ಊರಿನ ಇತಿಹಾಸ ತಾನಾಗಿಯೇ ಸಿದ್ಧವಾಗಿರುತ್ತದೆ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರವೂ ಕೈಜೋಡಿಸಿದರೆ ಪುಸ್ತಕ, ಪತ್ರಿಕೆಗಳಿಗೆ ಕೊರತೆಯಾಗದು.

ಐವತ್ತು ವರ್ಷ ತುಂಬಿದ ಶಾಲೆಗೆ ಹಳೆಯ ವಿದ್ಯಾರ್ಥಿಗಳು ಕಂಪ್ಯೂಟರು, ಬೆಂಚು, ಕುಡಿಯುವ ನೀರಿನ ಘಟಕ ಕೊಡುತ್ತಿದ್ದಾರೆ. ಸಂತೋಷ. ಅವರಲ್ಲಿ ಯಾರಾದರೂ ಇದಕ್ಕಾಗಿ ಒಂದು ಹಾಜರಿ ಪುಸ್ತಕವನ್ನೂ ಕೊಡಿಸಲಿ. ಅದರಲ್ಲಿ ವಯಸ್ಸಿನ ಕಲಂ ಬೇಡ. ಬಂದವರ ಹೆಸರನ್ನು ಬಂದವರ ಕೈಯಿಂದಲೇ ಬರೆಸೋಣ.